ಉರಿಮೂತ್ರಕ್ಕೆ ‘ಉಷ್ಣ’ ಎಂದು ಹೆಸರಿಟ್ಟು ಸುಮ್ಮನಾಗಬೇಡಿ

ಮಾರ್ಚ್ ಕಳೆಯಿತೆಂದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದ ತನಕ ಮನೆಮನೆಯಲ್ಲೂ ಒಂದೇ ಮಾತು: “ಉಷ್ಣ ಆಗಿದೆ, ಉರಿಮೂತ್ರ.” ಒಂದು ಬೊಂಡ (ಎಳನೀರು), ಎರಡು ಲೋಟ ಜೀರಿಗೆ ನೀರು, ಆಮೇಲೆ ಎರಡು ದಿನ ಕಾಯುವುದು. ಈ ಮಾತು ಪೂರ್ತಿ ಸುಳ್ಳಲ್ಲ. ಬೆವರು ಇಳಿದಷ್ಟು ನೀರು ಒಳಗೆ ಹೋಗದಿದ್ದರೆ ಮೂತ್ರ ಕಡು ಹಳದಿಯಾಗಿ, ಹೋಗುವಾಗ ಚುರುಗುಟ್ಟುತ್ತದೆ. ಮೂರು ನಾಲ್ಕು ಲೋಟ ನೀರು ಕುಡಿದು, ಮೂತ್ರ ತಿಳಿಯಾಗಿ, ಉರಿಯೂ ಹೋಯಿತೆಂದರೆ ಅದು ಉಷ್ಣವೇ. ಆದರೆ ಮೂತ್ರ ತಿಳಿಯಾದ ಮೇಲೂ ಉರಿ ಉಳಿದಿದೆ, ಹೋಗಿ ಬಂದು ಹತ್ತು ನಿಮಿಷಕ್ಕೆ ಮತ್ತೆ ಅವಸರ, ಕೂತರೆ ನಾಲ್ಕೇ ಹನಿ, ಕಿಬ್ಬೊಟ್ಟೆ ಭಾರವಾಗಿ ನೋವು – ಹೀಗಿದ್ದರೆ ಅದು ಹೆಚ್ಚಾಗಿ ಸೋಂಕು. ಅದು ಬೊಂಡಕ್ಕೆ ಬಗ್ಗುವುದಿಲ್ಲ.

ಸೋಂಕು ತರುವುದು ಬಹುಪಾಲು ನಮ್ಮದೇ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಕರುಳಿನಲ್ಲಿ ಅದು ನಿರುಪದ್ರವಿ. ಮಲದ್ವಾರದಿಂದ ಮೂತ್ರದ್ವಾರಕ್ಕೆ ದಾಟಿ, ಅಲ್ಲಿಂದ ಮೂತ್ರಕೋಶಕ್ಕೆ ಹತ್ತಿದರೆ ಉಪದ್ರವ. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರದ್ದು ಸುಮಾರು 20. ಹೆಂಗಸರಿಗೇ ಇದು ಹೆಚ್ಚು ಏಕೆ ಎಂಬುದಕ್ಕೆ ಮುಖ್ಯ ಉತ್ತರ ಇದೇ. ಶುಚಿಯಿಲ್ಲದವರಿಗೆ ಬರುವ ಕಾಯಿಲೆ ಎಂದು ಯಾರಾದರೂ ಮೂಗು ಮುರಿದರೆ ಅದನ್ನು ಒಪ್ಪಬೇಡಿ. ಈ ನಾಚಿಕೆಯಿಂದಲೇ ಎಷ್ಟೋ ಮಂದಿ ವಾರಗಟ್ಟಲೆ ಬಾಯಿಬಿಡುವುದಿಲ್ಲ.

ಚಳಿ ಹಿಡಿದು ನಡುಗಿಸುವ ಜ್ವರ, ಬೆನ್ನಿನ ಒಂದು ಬದಿ ಪಕ್ಕೆಲುಬಿನ ಕೆಳಗೆ ನೋವು, ವಾಂತಿ – ಇವು ಸೋಂಕು ಮೂತ್ರಪಿಂಡಕ್ಕೆ ಏರಿದ ಲಕ್ಷಣ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಮಕ್ಕಳು, ಗಂಡಸರು, ಸಕ್ಕರೆ ಕಾಯಿಲೆಯವರು ಬರೀ ಉರಿ ಇದ್ದರೂ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಎರಡು ವರ್ಷದೊಳಗಿನ ಮಗುವಿಗೆ ಶೀತ, ಕೆಮ್ಮು ಯಾವುದೂ ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಿ. ಆ ವಯಸ್ಸಿನ ಮಗು ಉರಿ ಎಂದು ಹೇಳಲಾರದು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಡಾಕ್ಟರು, ನರ್ಸು ಮಲಯಾಳದವರೇ ಆದರೆ ಮೂರು ಮಾತು ಗೊತ್ತಿರಲಿ: ‘ಮೂತ್ರಂ ಒಳಿಕ್ಕುಂಬೋಳ್ ಎರಿಚ್ಚಿಲ್’ ಎಂದರೆ ಮೂತ್ರ ಹೋಗುವಾಗ ಉರಿ, ‘ಪನಿ’ ಎಂದರೆ ಜ್ವರ, ‘ವಿರಯಲ್’ ಎಂದರೆ ನಡುಕ. ಅವರು ‘ಪಳುಪ್ಪ್’ ಎಂದರೆ ಕೀವು, ಲ್ಯಾಬ್ ಚೀಟಿಯಲ್ಲಿ ಬರೆಯುವ ಪಸ್ ಸೆಲ್.

ಹೊರಗಡೆ ತುರಿಕೆ, ಮೊಸರು ಒಡೆದಂತೆ ಬಿಳಿ ಸ್ರಾವ ಇದ್ದರೆ ಅದು ಬೇರೆ. ಅದು ಶಿಲೀಂಧ್ರದ ಕಾಟ. ಅದಕ್ಕೆ ಆಂಟಿಬಯೋಟಿಕ್ ತಿಂದರೆ ಇನ್ನಷ್ಟು ಕೆರಳುತ್ತದೆ.

ಈಗ ಪರೀಕ್ಷೆಗೆ ಮೂತ್ರ ಹಿಡಿಯುವ ಸೀಸೆಯ ವಿಚಾರ. ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಆರೋಗ್ಯವಂತ ಹೆಂಗಸಿಗೆ ಮೊದಲ ಸಲ ಬಂದ ಸಾದಾ ಸೋಂಕಾದರೆ ಲಕ್ಷಣ ನೋಡಿಯೇ ಮದ್ದು ಕೊಡುವುದುಂಟು. ಗರ್ಭಿಣಿಯರೇ ಮೊದಲಾಗಿ ಮೇಲೆ ಹೇಳಿದವರಿಗೆ, ಆರು ತಿಂಗಳಲ್ಲಿ ಎರಡನೇ ಸಲ ಬಂದವರಿಗೆ, ಮದ್ದು ತಿಂದೂ ಗುಣವಾಗದವರಿಗೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಆಗಲೇಬೇಕು, ಅದೂ ಮೊದಲ ಮಾತ್ರೆ ನುಂಗುವ ಮೊದಲು. ಒಂದು ಮಾತ್ರೆ ಹೊಟ್ಟೆಗೆ ಹೋದರೂ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯದೆ, ‘ಏನೂ ಇಲ್ಲ’ ಎಂಬ ವರದಿ ಬಂದೀತು.

ಮನೆಯ ಡಬ್ಬಿ ಎಷ್ಟೇ ತೊಳೆದರೂ ಬೇಡ. ಲ್ಯಾಬಿನಿಂದಲೇ ಸ್ಟೆರೈಲ್ ಸೀಸೆ ತನ್ನಿ. ಕೈಯನ್ನು ಸೋಪಿನಿಂದ, ಆ ಜಾಗವನ್ನು ಬರೀ ನೀರಿನಿಂದ ತೊಳೆಯಿರಿ. ಮುಚ್ಚಳದ ಒಳಬದಿಗಾಗಲಿ ಸೀಸೆಯ ಅಂಚಿಗಾಗಲಿ ಬೆರಳು ತಾಗಬಾರದು. ಹೆಂಗಸರು ಎರಡು ಬೆರಳಿನಿಂದ ತುಟಿಗಳನ್ನು ಬಿಡಿಸಿ ಹಿಡಿಯಬೇಕು. ಮೊದಲ ಧಾರೆ ಹೊರಗೆ ಹೋಗಲಿ, ನಿಲ್ಲಿಸದೆ ನಡುವಿನ ಧಾರೆಯನ್ನು 20–30 ಮಿಲಿಲೀಟರ್ ಹಿಡಿದು, ಉಳಿದದ್ದನ್ನು ಹೊರಗೆ ಬಿಡಿ. ಮೊದಲ ಧಾರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ತೊಳೆದುಕೊಂಡು ಬರುತ್ತದೆ. ಅದು ಸೀಸೆಗೆ ಬಿದ್ದರೆ ವರದಿಯಲ್ಲಿ ‘ಮಿಕ್ಸೆಡ್ ಗ್ರೋತ್’ (ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತು ಬೆಳೆದಿದೆ) ಎಂದು ಬಂದು ದುಡ್ಡು, ದಿನ ಎರಡೂ ದಂಡ.

ಸೀಸೆ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬೆಳಗ್ಗಿನ ಬಸ್ಸು ಹಿಡಿದು, ಚೀಲದ ಬಿಸಿಯಲ್ಲಿ ಸೀಸೆ ಇಟ್ಟು ಕಾಸರಗೋಡಿಗೆ ಬಂದು, ಮೊದಲು ಡಾಕ್ಟರರ ಸಾಲಿನಲ್ಲಿ ನಿಂತರೆ ಹೊತ್ತು ಮೀರಿತು. ಅನುಕೂಲವಾದ ಸೆಕೆಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಎಂಬ ಎಣಿಕೆಯನ್ನು ನಂಬಿ ತೀರ್ಮಾನಿಸುವ ಪರೀಕ್ಷೆಗೆ ಈ ಬಸ್ಸಿನ ಬೆಳೆ ಸುಳ್ಳು ಲೆಕ್ಕ ಕೊಡುತ್ತದೆ. ಸಾಧ್ಯವಾದರೆ ಲ್ಯಾಬಿನ ಶೌಚಾಲಯದಲ್ಲೇ ಕೊಡಿ. ಆಗದಿದ್ದರೆ ಫ್ರಿಜ್ಜಿನಲ್ಲಿ 4 ಡಿಗ್ರಿಯ ಹತ್ತಿರ ಇಟ್ಟು, ಐಸ್ ಜತೆ ತನ್ನಿ. 24 ಗಂಟೆಯ ತನಕ ನಡೆಯುತ್ತದೆ. ಪೂರ್ತಿ ವರದಿಗೆ ಎರಡು ಮೂರು ದಿನ ಬೇಕು. ಅದರಲ್ಲಿ ಮದ್ದಿನ ಹೆಸರಿನ ಎದುರು ‘ಎಸ್’ ಎಂದಿದ್ದರೆ ಕೆಲಸ ಮಾಡುತ್ತದೆ, ‘ಆರ್’ ಎಂದರೆ ಇಲ್ಲ.

ಸಾದಾ ಮೂತ್ರಕೋಶದ ಸೋಂಕಿಗೆ ಸಾಮಾನ್ಯವಾಗಿ ಬರೆಯುವುದು ನೈಟ್ರೋಫ್ಯುರಾಂಟಾಯಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು, ಐದು ದಿನ. ಇಲ್ಲವೇ ಫಾಸ್ಫೊಮೈಸಿನ್ 3 ಗ್ರಾಂ ಪುಡಿ, ಒಂದೇ ಸಲ. ನೈಟ್ರೋಫ್ಯುರಾಂಟಾಯಿನ್ ಊಟದ ಜತೆ ತಗೊಳ್ಳಬೇಕು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಅದು ಮೂತ್ರದಲ್ಲಷ್ಟೇ ದಟ್ಟವಾಗುವ ಮದ್ದು, ಹಾಗಾಗಿ ಮೂತ್ರಪಿಂಡಕ್ಕೆ ಏರಿದ ಸೋಂಕಿಗೆ ಸಾಲದು. ಉರಿ ತಗ್ಗಿಸಲು ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸಿಟ್ರೇಟ್ ಸಿರಪ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಅದು ಮೂತ್ರದ ಹುಳಿ ಕಳೆಯುತ್ತದೆ. ನೈಟ್ರೋಫ್ಯುರಾಂಟಾಯಿನ್ ಚೆನ್ನಾಗಿ ಕೆಲಸ ಮಾಡುವುದು ಹುಳಿ ಇರುವ ಮೂತ್ರದಲ್ಲಿ. ಎರಡನ್ನೂ ನೀವಾಗಿಯೇ ಕೂಡಿಸಬೇಡಿ.

ಎರಡನೇ ದಿನ ಉರಿ ನಿಂತಿತೆಂದು ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೋ ನಾದಿನಿಗೋ ಎತ್ತಿಡುವ ಪದ್ಧತಿ ಬಿಡಲೇಬೇಕು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳನ್ನು ಹೀಗೆ ಬೇಕಾಬಿಟ್ಟಿ ತಿಂದದ್ದೂ ಸೇರಿ, ಇಂದು ನಮ್ಮ ದೇಶದ ಇ. ಕೋಲಿಯಲ್ಲಿ ಬಹಳಷ್ಟು ಅವಕ್ಕೆ ಜಗ್ಗುವುದಿಲ್ಲ. ಕೇರಳದಲ್ಲಿ 2024ರಿಂದ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ನಡೆದಿದೆ. ಇಲ್ಲಿ ಸಿಗದ್ದನ್ನು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಹುಡುಕಲು ಹೋಗಬೇಡಿ.

ಬಾರದಂತೆ ತಡೆಯುವುದರಲ್ಲಿ ಮೊದಲನೆಯದು ನೀರು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಸೋಂಕಾಗುತ್ತಿದ್ದ, ನೀರು ಕಮ್ಮಿ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಬಾರ್ಲಿ, ಗಂಜಿತೆಳಿ, ಪುನರ್ಪುಳಿ ಶರಬತ್ತು ಎಲ್ಲವೂ ನೀರಿನ ಲೆಕ್ಕಕ್ಕೆ ಸೇರುತ್ತವೆ, ಮದ್ದಿನ ಲೆಕ್ಕಕ್ಕಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಡಾಕ್ಟರರನ್ನು ಕೇಳಿಯೇ ಹೆಚ್ಚಿಸಬೇಕು.

ಕುಡಿದದ್ದು ಹೊರಗೂ ಹೋಗಬೇಕು. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಕೂತಲ್ಲಿಂದ ಏಳದೆ ಮಧ್ಯಾಹ್ನದ ತನಕ ತಡೆಯುತ್ತಾರೆ; ಶಾಲೆಯ ಶೌಚಾಲಯಕ್ಕೆ ಹೇಸಿ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಏಳಲೇಬೇಕು. ಮಕ್ಕಳಿಗೆ ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ತೊಳೆಯುವ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ. ಸಂಭೋಗದ ನಂತರ ಒಮ್ಮೆ ಮೂತ್ರಕ್ಕೆ ಹೋಗಿ. ಒಳಗೆ ಡೆಟಾಲ್, ಸೋಪು ಬೇಡವೇ ಬೇಡ. ಮುಟ್ಟು ನಿಂತ ಮೇಲೆ ಮತ್ತೆಮತ್ತೆ ಬರುತ್ತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮಿನ ಬಗ್ಗೆ ಸ್ತ್ರೀರೋಗ ವೈದ್ಯರನ್ನು ಕೇಳಿ. ಬಹಳ ಮಂದಿಗೆ ಗುಣ ಕೊಡುವ ಈ ಉಪಾಯವನ್ನು ಕೇಳುವವರೇ ಕಮ್ಮಿ.

ಮನೆಯಲ್ಲಿ ಮೂತ್ರ ಹೋಗಲು ಟ್ಯೂಬ್ ಹಾಕಿ ಮಲಗಿದವರಿದ್ದರೆ ಮೂತ್ರ ತುಂಬುವ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಮುಕ್ಕಾಲು ತುಂಬುವ ಮೊದಲೇ ಕೆಳಗಿನ ತೂಬಿನಿಂದ ಖಾಲಿಮಾಡಿ. ಟ್ಯೂಬನ್ನು ಚೀಲದಿಂದ ಬಿಡಿಸಬೇಡಿ. ತಿಂಗಳು ಕಳೆದ ಟ್ಯೂಬಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಮೂತ್ರ ಮಬ್ಬಾಯಿತು, ವಾಸನೆ ಬಂತು ಎಂದಷ್ಟಕ್ಕೇ ಆಂಟಿಬಯೋಟಿಕ್ ಬೇಡ. ಜ್ವರ, ನಡುಕ, ಹೊಸದಾಗಿ ಮಂಪರು ಕಂಡರೆ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ತಿಳಿಸಿ, ತಡಮಾಡದೆ ಡಾಕ್ಟರರಿಗೆ ತೋರಿಸಿ. ಹಳೆಯ ಟ್ಯೂಬ್ ತೆಗೆದು ಹೊಸದು ಹಾಕಿದ ಮೇಲೆ, ಆ ಹೊಸ ಟ್ಯೂಬಿನಿಂದ ಬಂದ ಮೂತ್ರವನ್ನೇ ಕಲ್ಚರಿಗೆ ಕಳಿಸಬೇಕು. ಚೀಲದಲ್ಲಿ ನಿಂತದ್ದನ್ನಲ್ಲ.