ಗಂಡು ಬಳ್ಳಿಯೂ ಬೇಕು

ಆಗಸ್ಟ್ ಬಂತೆಂದರೆ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಸುತ್ತಮುತ್ತ ಇರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಬ್ಲ್ಯಾಕ್‌ಬೆರಿ ತುಂಬಿದ ಡಬ್ಬಿ, ಬಕೆಟ್ಟುಗಳ ಫೋಟೋ ಬೀಳತೊಡಗುತ್ತವೆ. ಸಂಜೆ ವಾಕಿಂಗ್ ಹೋದವರು ಹಳ್ಳದ ಬದಿಯ ಮಟ್ಟಿಗಳಿಂದ ಕೊಯ್ದು ತಂದದ್ದು. ಬಾಯಿ, ಅಂಗಿ ಎಲ್ಲ ಬಣ್ಣ ಮಾಡಿಕೊಂಡ ಮಕ್ಕಳ ಫೋಟೋ ಬೇರೆ. ಮಾರನೇ ದಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇದರದ್ದೊಂದು ಕಡ್ಡಿ ತಂದು ಹಿತ್ತಲಲ್ಲಿ ಊರಿದ್ರೆ ಬರತ್ತಾ?"

ಬರುತ್ತದೆ. ನೀವು ಮನೆ ಮಾರಿ ಹೋದಮೇಲೂ ಬರುತ್ತಲೇ ಇರುತ್ತದೆ.

ರಸ್ತೆಬದಿ, ರೈಲು ಹಳಿ, ಪಾಳುಬಿದ್ದ ಸೈಟು ಎಲ್ಲ ಕಡೆ ಆಳೆತ್ತರ ಹಬ್ಬಿರುವ ಆ ದಪ್ಪ ಹಣ್ಣಿನ ಗಿಡ ಹಿಮಾಲಯನ್ ಬ್ಲ್ಯಾಕ್‌ಬೆರಿ. ಸಸ್ಯಶಾಸ್ತ್ರದವರಿಗೆ ರೂಬಸ್ ಆರ್ಮೇನಿಯಾಕಸ್. ಹಿಮಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ, ಮೂಲ ಆರ್ಮೇನಿಯಾ, ಉತ್ತರ ಇರಾನ್ ಕಡೆ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿದ್ದ ಹೆಸರಾಂತ ತಳಿಗಾರ ಲೂಥರ್ ಬರ್ಬ್ಯಾಂಕ್ 1885ರಲ್ಲಿ ಭಾರತದಿಂದ ತರಿಸಿದ ಬೀಜದಿಂದ ಇದನ್ನು ಬೆಳೆಸಿ, ಹಿಮಾಲಯ ಜೈಂಟ್ ಎಂದು ಹೆಸರಿಟ್ಟು ಊರಿಗೆಲ್ಲ ಮಾರಿದ. ಹಕ್ಕಿಗಳು ಉಳಿದ ಕೆಲಸ ಮಾಡಿದವು. ಈಗ ಒರೆಗಾನ್, ವಾಷಿಂಗ್ಟನ್ ಎರಡೂ ರಾಜ್ಯಗಳ ಹಾನಿಕರ ಕಳೆಗಳ ಪಟ್ಟಿಯಲ್ಲಿ ಇದೆ. ನಮ್ಮ ಪಕ್ಕದ ಮನೆಯ ಅಜ್ಜನಿಗೆ ಈ ಕತೆ ಅರ್ಧ ಗೊತ್ತು. ಬೇಲಿ ದಾಟಿ ಬಂದ ಕೊಂಬೆಗಳನ್ನು ಕಡಿಯುವಾಗಲೆಲ್ಲ "ನಿಮ್ಮ ದೇಶದ್ದೇ ತಾನೆ" ಎಂದು ನನ್ನನ್ನು ಛೇಡಿಸುತ್ತಾರೆ. ಬೀಜದ ಪಾರ್ಸೆಲ್ ಮಾತ್ರ ನಮ್ಮದು, ಗಿಡ ನಮ್ಮದಲ್ಲ ಎಂದರೆ ಅವರಿಗೆ ಅದೆಲ್ಲ ಬೇಡ.

ಒಂದೇ ಬೇಸಿಗೆಯಲ್ಲಿ ಇದರ ಕೊಂಬೆ 15-20 ಅಡಿ ಹೋಗುವುದುಂಟು. ಬಾಗಿ ತುದಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಇನ್ನೊಂದು ಬುಡವಾಗುತ್ತದೆ. ಬರೀ ಮೇಲಿಂದ ಕತ್ತರಿಸಿದರೆ ಅದಕ್ಕೆ ಸವರಿಕೊಟ್ಟ ಹಾಗೆ, ಇನ್ನಷ್ಟು ಹುರುಪಿನಿಂದ ಚಿಗುರುತ್ತದೆ. ಬುಡದ ಗಡ್ಡೆಯನ್ನೇ ಅಗೆದು ಕೀಳಬೇಕು. ಬೇರಿನ ತುಂಡು ಉಳಿದರೆ ಅಲ್ಲಿಂದಲೂ ಏಳುತ್ತದೆ. ಮಳೆಗಾಲ ಹಿಡಿದು ನೆಲ ಮೆತ್ತಗಾದ ಮೇಲೆ ಈ ಕೆಲಸಕ್ಕೆ ಇಳಿಯುವುದು ಒಳ್ಳೆಯದು, ವಸಂತದಲ್ಲಿ ಬೇಡ, ಹಕ್ಕಿಗಳು ಒಳಗೆ ಗೂಡು ಕಟ್ಟಿರುತ್ತವೆ. ದೊಡ್ಡ ಜಾಗವಿದ್ದವರು ಇಲ್ಲಿ ಬಾಡಿಗೆಗೆ ಆಡು ತರಿಸುತ್ತಾರೆ. ಸಾಗರದ ನಮ್ಮ ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕರು. ಊರಲ್ಲಿ ಆಡು ತೋಟಕ್ಕೆ ನುಗ್ಗದ ಹಾಗೆ ಕಾಯುವುದೇ ಒಂದು ಕೆಲಸ, ಇಲ್ಲಿ ದುಡ್ಡು ಕೊಟ್ಟು ಕರೆಸುವುದು.

ಸರಿ, ಅದನ್ನು ನೆಡಬೇಡಿ. ಆದರೆ ಕಾಡು ಬ್ಲ್ಯಾಕ್‌ಬೆರಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಲ್ಲಿಯದೇ ಆದ ಇನ್ನೊಂದಿದೆ: ರೂಬಸ್ ಅರ್ಸಿನಸ್. ಬ್ರಿಟಿಷ್ ಕೊಲಂಬಿಯಾದಿಂದ ಕ್ಯಾಲಿಫೋರ್ನಿಯಾವರೆಗೆ ಈ ಕರಾವಳಿಯುದ್ದಕ್ಕೂ ಕಾಡಿನ ಅಂಚಿನಲ್ಲಿ, ಮರ ಕಡಿದ ಬಯಲಿನಲ್ಲಿ, ಬೆಂಕಿ ಬಿದ್ದು ತೆರವಾದ ಗುಡ್ಡದಲ್ಲಿ ನೆಲ ಹಿಡಿದು ಹರಿಯುವ ಸಣ್ಣ ಬಳ್ಳಿ. ನಡೆಯುವಾಗ ಕಾಲಿಗೆ ಸುತ್ತಿಕೊಂಡು ಬೀಳಿಸುವುದೇ ಇದರ ಪರಿಚಯದ ರೀತಿ. ಹಣ್ಣು ಚಿಕ್ಕದು, ಕೆಲವೊಮ್ಮೆ ಕಿರುಬೆರಳ ತುದಿಯಷ್ಟೇ. ಆದರೆ ಬಾಯಿಗಿಟ್ಟರೆ ಹಿಮಾಲಯನ್ ಹಣ್ಣು ಬರೀ ಸಕ್ಕರೆ ನೀರು ಅನ್ನಿಸುತ್ತದೆ. ಹುಳಿ, ಸಿಹಿ, ಮೇಲೊಂದು ಕಾಡಿನ ಪರಿಮಳ. ಕವಳಿ ಹಣ್ಣು ತಿಂದು ಬೆಳೆದ ನಾಲಿಗೆಗೆ ಈ ಹುಳಿಯೇ ಸರಿ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ದೈತ್ಯ ಗಿಡದ ಕೊಂಬೆ ಹೆಬ್ಬೆರಳು ದಪ್ಪ, ಏಣು ಏಣು, ಮುಳ್ಳು ಅಗಲ ಬುಡದ್ದು, ಎಲೆಯಲ್ಲಿ ಸಾಮಾನ್ಯವಾಗಿ ಐದು ಕಿರುಎಲೆ, ಅಡಿಭಾಗ ಬಿಳುಚು. ಸ್ಥಳೀಯ ಬಳ್ಳಿ ಪೆನ್ಸಿಲಿಗಿಂತ ತೆಳ್ಳಗೆ, ಗುಂಡಗೆ, ಮೇಲೆ ಉಜ್ಜಿದರೆ ಹೋಗುವ ನೀಲಿ ಬೂದಿಯಂಥ ಪುಡಿ, ಸೂಜಿಯಂಥ ಸಣ್ಣ ಮುಳ್ಳು, ಕಿರುಎಲೆ ಮೂರು. ಹಣ್ಣಾಗುವ ಕಾಲವೂ ಬೇರೆ. ಇದು ಜೂನ್ ಕೊನೆ, ಜುಲೈನಲ್ಲಿ ಮುಗಿಸಿಬಿಡುತ್ತದೆ, ದೈತ್ಯನದು ಆಗಸ್ಟಿನಿಂದ.

ಇನ್ನು ಮುಖ್ಯ ವಿಷಯ. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಪಪ್ಪಾಯಿ ಬೆಳೆದವರಿಗೆ ಇದು ಹೊಸದಲ್ಲ. ಹಿಲ್ಸ್‌ಬರೋದಲ್ಲಿರುವ ಗೆಳತಿಯೊಬ್ಬಳ ಹಿತ್ತಲಲ್ಲಿ ಪ್ರತಿ ವಸಂತದಲ್ಲೂ ಹೂ ಮುಚ್ಚಿಕೊಳ್ಳುವ ಬಳ್ಳಿಯಿತ್ತು, ಒಂದೇ ಒಂದು ಹಣ್ಣಿಲ್ಲ. ಗೊಬ್ಬರ ಬದಲಿಸಿದಳು, ನೀರು ಬದಲಿಸಿದಳು. ಹೋಗಿ ಹೂ ನೋಡಿದರೆ ಎಲ್ಲವೂ ಗಂಡು. ಗಂಡು ಹೂ ದೊಡ್ಡದು, ಎಸಳು ಉದ್ದ, ನಡುವೆ ಕೇಸರಗಳ ಗೊಂಚಲು. ಹೆಣ್ಣು ಹೂವಿನ ಎಸಳು ಚಿಕ್ಕದು, ನಡುವೆ ಹಸಿರು ಗುಬ್ಬಟೆ, ಮುಂದೆ ಹಣ್ಣಾಗುವುದು ಅದೇ. ಹೂವಿಲ್ಲದ ಕಾಲದಲ್ಲಿ ಇವೆರಡನ್ನು ಬೇರೆ ಮಾಡುವುದು ನನ್ನಂಥವರಿಗೆ ಸಾಧ್ಯವಿಲ್ಲ. ಹಾಗಾಗಿ ಸ್ಥಳೀಯ ಗಿಡಗಳ ನರ್ಸರಿಯಲ್ಲಿ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಗಂಡೋ ಹೆಣ್ಣೋ? ಗೊತ್ತಿಲ್ಲ ಎಂದರೆ ಏಪ್ರಿಲ್, ಮೇ ತನಕ ಕಾದು, ಹೂ ಬಿಟ್ಟಿರುವ ಕುಂಡಗಳನ್ನೇ ನೋಡಿ ಆರಿಸಿ. ಹೆಣ್ಣು ಹೆಚ್ಚಿರಲಿ, ಗಂಡು ಒಂದಿದ್ದರೂ ನಡೆಯುತ್ತದೆ, ಜೇನುನೊಣಗಳಿಗೆ ಸಿಗುವಷ್ಟು ಹತ್ತಿರ ಇದ್ದರಾಯಿತು.

ನಾನು ಬಳ್ಳಿ ಆರಿಸಿದ ವರ್ಷ ಇಲ್ಲಿಗೆ ಬಂದಿದ್ದ ಅಮ್ಮ, ನಾನು ಕುಂಡಗಳ ಮುಂದೆ ಕೂತು ಹೂ ಬಿಡಿಸಿ ನೋಡುವುದನ್ನು ಕಂಡು ಕೇಳಿದ್ದು: "ಗಿಡಕ್ಕೂ ಗಂಡು ಹುಡ್ಕವನೇ ಕೂಸೆ?" ಜಾತಕ ಒಂದು ಬಾಕಿ ಎಂದೆ.

ನೆಡುವುದರಲ್ಲಿ ಹೆಚ್ಚಿನದೇನಿಲ್ಲ. ನಾವಿರುವ ವಿಲಾಮೆಟ್ ಕಣಿವೆಯ ಜೇಡಿಮಣ್ಣು ಚಳಿಗಾಲವಿಡೀ ನೀರು ಹಿಡಿದು ಕೂರುತ್ತದೆ, ಬುಡ ಕೊಳೆಯದಂತೆ ಏರಿ ಮಾಡಿ ನೆಡಿ. ನೆರಳಲ್ಲೂ ಬದುಕುತ್ತದೆ, ಬಿಸಿಲಿದ್ದರೆ ಹಣ್ಣು. ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 5.5ರಿಂದ 6.5, ಇದಕ್ಕೆ ಹಿಡಿಸುತ್ತದೆ, ನಮ್ಮಲ್ಲಿ ಅದು ಹಾಗೇ ಇರುತ್ತದೆ. ಬುಡಕ್ಕೆ ಮರದ ಚಕ್ಕೆ ದಪ್ಪಗೆ ಹಾಕುತ್ತೇನೆ. ಊರಿನ ತೋಟಕ್ಕೆ ದರಕು (ಒಣ ಎಲೆ) ಹಾಸಿ ಬೆಳೆದವರಿಗೆ ಬರೀ ಮಣ್ಣು ಕಣ್ಣಿಗೆ ಬಿದ್ದರೆ ಏನೋ ಕಸಿವಿಸಿ. ಮೊದಲ ಬೇಸಿಗೆಗಳಲ್ಲಿ ನೀರು ಕೊಡಬೇಕು, ಇಲ್ಲಿ ಜುಲೈ, ಆಗಸ್ಟಿನಲ್ಲಿ ಮಳೆಯೆಂಬುದೇ ಇಲ್ಲ.

ಬಳ್ಳಿಯ ಲೆಕ್ಕ ಮಾತ್ರ ತಲೆಯಲ್ಲಿರಲಿ. ಬುಡ ವರ್ಷಾನುಗಟ್ಟಲೆ ಇರುತ್ತದೆ, ಒಂದೊಂದು ಬಳ್ಳಿಗೆ ಎರಡೇ ವರ್ಷದ ಆಯುಷ್ಯ. ಈ ವರ್ಷ ಎದ್ದದ್ದು ಬರೀ ಎಲೆ ಬಿಡುತ್ತದೆ, ಮುಂದಿನ ವರ್ಷ ಹೂ ಬಿಟ್ಟು ಹಣ್ಣು ಕೊಟ್ಟು ಒಣಗುತ್ತದೆ. ಕೊಯ್ಲು ಮುಗಿದ ಕೂಡಲೇ ಆ ಹಳೆಯದನ್ನು ಬುಡಕ್ಕೆ ಕತ್ತರಿಸಿ. ಅಚ್ಚುಕಟ್ಟಿನ ಹುಮ್ಮಸ್ಸಿನಲ್ಲಿ ಹೊಸದನ್ನೂ ಸೇರಿಸಿ ಸವರಿದರೆ ಮುಂದಿನ ಬೇಸಿಗೆಗೆ ಹಣ್ಣಿಲ್ಲ. ನಾನು ಮೊಣಕಾಲೆತ್ತರಕ್ಕೆ ಒಂದು ತಂತಿ, ಸೊಂಟದೆತ್ತರಕ್ಕೆ ಒಂದು ತಂತಿ ಎಳೆದು, ಫೆಬ್ರವರಿಯಲ್ಲಿ ಹೊಸ ಬಳ್ಳಿಗಳನ್ನು ಅದಕ್ಕೆ ಸುತ್ತುತ್ತೇನೆ. ಅಲ್ಲಿಯವರೆಗೆ ಅವು ನೆಲದ ಮೇಲೇ ಬಿದ್ದಿರಲಿ, ಚಳಿಗಾಳಿಯ ಪೆಟ್ಟು ಕಮ್ಮಿ. ಶರತ್ಕಾಲದಲ್ಲಿ ತುದಿಗಳು ಎಲ್ಲೆಲ್ಲಿ ಮಣ್ಣು ಮುಟ್ಟಿವೆ ಎಂದು ಒಂದು ಸುತ್ತು ನೋಡಿ ಎತ್ತಿಬಿಡಬೇಕು. ಇದೂ ಬೇರು ಬಿಡುವ ಜಾತಿಯೇ, ಸ್ಥಳೀಯವೆಂದ ಮಾತ್ರಕ್ಕೆ ಸಾಧುವಲ್ಲ.

ಕೊಯ್ಯುವಾಗ ಫಳಫಳ ಹೊಳೆಯುವ ಕಪ್ಪು ಹಣ್ಣಿಗೆ ಮರುಳಾಗಬೇಡಿ, ಅದಿನ್ನೂ ಹುಳಿ. ಹೊಳಪು ಸ್ವಲ್ಪ ಮಾಸಿ, ಮುಟ್ಟಿದರೆ ತಾನೇ ಕೈಗೆ ಬರುವಂತಾಗಬೇಕು. ಬಾಳೆಗೊನೆಯ ಹಾಗೆ ತಂದಿಟ್ಟು ಹಣ್ಣು ಮಾಡುವಂತಿಲ್ಲ. ಮತ್ತೆ, ಡ್ರಾಸಫಿಲಾ ಸುಜುಕಿ ಎಂಬ ಏಷ್ಯಾದ ನೊಣ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಮರುವರ್ಷ ಒರೆಗಾನ್‌ನಲ್ಲೂ ಕಾಣಿಸಿಕೊಂಡಿತು. ಇದರ ಕುಲದ ಬೇರೆ ನೊಣಗಳು ಹೆಚ್ಚಾಗಿ ಕೊಳೆತದ್ದಕ್ಕೆ ಮುತ್ತಿದರೆ ಇದು ಗಟ್ಟಿ ಹಣ್ಣಿನೊಳಗೇ ಮೊಟ್ಟೆಯಿಡುತ್ತದೆ. ಬೇಸಿಗೆ ಮುಂದುವರಿದಂತೆ ಹೆಚ್ಚುತ್ತದೆಯಾದ್ದರಿಂದ ಬೇಗ ಹಣ್ಣಾಗುವ ಸ್ಥಳೀಯ ಬಳ್ಳಿಗೆ ಕಾಟ ಕಮ್ಮಿ, ಆಗಸ್ಟ್ ಕೊನೆಯ ಬಕೆಟ್ಟುಗಳಿಗೆ ಜಾಸ್ತಿ. ನಂಬದಿದ್ದರೆ ಆ ಬಕೆಟ್ಟಿನ ಹಣ್ಣನ್ನು ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಬಿಡಿ, ಬಿಳಿ ಹುಳುಗಳು ಹೊರಗೆ ಬರುತ್ತವೆ. ಅಮ್ಮ ಅದನ್ನು ನೋಡಿದ ದಿನದಿಂದ ರಸ್ತೆಬದಿ ಹಣ್ಣು ಮುಟ್ಟಲಿಲ್ಲ. ಹಿತ್ತಲಿನದನ್ನೂ ಉಪ್ಪುನೀರಿನ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟುಕೊಂಡರು.

ಒಳಗೆ ಬಂದದ್ದು ಸಾಸ್ಮೆಯಾಯಿತು. ಹಣ್ಣನ್ನು ಕಿವುಚಿ ಸೋಸಿ ಅರ್ಧದಷ್ಟು ಬೀಜ ತೆಗೆದು (ಪೂರ್ತಿ ತೆಗೆದರೆ ರುಚಿ ಹೋಗುತ್ತದಂತೆ), ಕಾಯಿತುರಿಗೆ ಸಾಸಿವೆ, ಒಂದು ಒಣಮೆಣಸು ಹಾಕಿ ರುಬ್ಬಿ, ಬೆಲ್ಲ, ಉಪ್ಪು, ಕೊನೆಗೆ ಮೊಸರು. ಬಣ್ಣ ನೋಡಿ ನನ್ನ ಮಗ ಇದು ಐಸ್‌ಕ್ರೀಮಾ ಎಂದ. ಜಾಮ್ ಮಾಡಲು ಈ ಹಣ್ಣು ಸಾಕಾಗುವುದಿಲ್ಲ, ಅಷ್ಟು ಸಿಕ್ಕುವ ಬಳ್ಳಿಯೇ ಅಲ್ಲ ಇದು. ಜಾಮಿಗೆ ನಾನು ಜುಲೈನಲ್ಲಿ ರೈತರ ಸಂತೆಯಿಂದ ಮೇರಿಯನ್‌ಬೆರಿ ತರುತ್ತೇನೆ. 1956ರಲ್ಲಿ ಇದೇ ಒರೆಗಾನ್‌ನಲ್ಲಿ ಬಿಡುಗಡೆಯಾದ ತಳಿ, ಮೇರಿಯನ್ ಕೌಂಟಿಯ ಹೆಸರಿನದು, ಇಲ್ಲಿಯವರ ಪೈಗಳ ರಾಣಿ. ಅದರ ವಂಶಾವಳಿ ಹಿಡಿದು ಹೋದರೆ ಒಂದು ಕಡೆ ನನ್ನ ನೆಲಬಳ್ಳಿ ರೂಬಸ್ ಅರ್ಸಿನಸ್, ಇನ್ನೊಂದು ಕಡೆ ಬರ್ಬ್ಯಾಂಕನ ಹಿಮಾಲಯ ದೈತ್ಯ! ಇದನ್ನು ಪಕ್ಕದ ಮನೆಯ ಅಜ್ಜನಿಗೆ ಇನ್ನೂ ಹೇಳಿಲ್ಲ.

ಈ ಸಲ ನನ್ನ ಹೆಣ್ಣು ಬಳ್ಳಿಗಳ ಕೆಲವು ತುದಿಗಳನ್ನು ಬೇಕೆಂದೇ ಕುಂಡಗಳಲ್ಲಿ ಹೂತಿದ್ದೇನೆ, ನವೆಂಬರ್ ಹೊತ್ತಿಗೆ ಕೊಡುವಂತಾಗುತ್ತವೆ. ಬೀವರ್ಟನ್ ಕಡೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ದಪ್ಪ ಕೈಗವಸು ತನ್ನಿ. ಗಂಡು ಬಳ್ಳಿ ನನ್ನ ಹತ್ತಿರ ಇರುವುದು ಒಂದೇ, ಅದನ್ನು ಕೇಳಬೇಡಿ.