ತಲೆಗೆ ಸಾಣಿಕಟ್ಟಾ ಉಪ್ಪು

ನನ್ನ ಕೂದಲು ಮೊದಲಿನಿಂದಲೂ ಚಪ್ಪಟೆ. ತಲೆಸ್ನಾನ ಮಾಡಿ ಅರ್ಧ ಗಂಟೆಯಾಗುವಷ್ಟರಲ್ಲಿ ಹಸು ನೆಕ್ಕಿದ ಹಾಗೆ ಹಣೆಗೆ ಅಂಟಿಕೊಂಡು ಕೂತಿರುತ್ತದೆ. ಬೆಂಗಳೂರಿನಲ್ಲಿ ನನಗೆ ಕಟಿಂಗ್ ಮಾಡುವ ಹುಡುಗ ಒಂದು ದಿನ, "ಸರ್, ಜೆಲ್ ಬಿಟ್ಬಿಡಿ. ಅದು ಕೂದಲನ್ನ ಇನ್ನೂ ಮಲಗಿಸುತ್ತೆ. ಸೀ ಸಾಲ್ಟ್ ಸ್ಪ್ರೇ ಹೊಡೀರಿ" ಅಂದ. ಒದ್ದೆ ಇರುವಾಗಲೇ ನಾಲ್ಕೈದು ಸಲ ಪುಸ್ ಪುಸ್ ಅಂತ ಹೊಡೆದು, ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಹಿಂಡಿ ಬಿಟ್ಟ. ಕನ್ನಡಿಯಲ್ಲಿ ನೋಡಿದರೆ ನಾನು ಒಂದು ಇಂಚು ಎತ್ತರವಾಗಿದ್ದೆ.

ಖುಷಿಯಲ್ಲಿ 450 ರೂಪಾಯಿ ಕೊಟ್ಟು ಬಾಟಲಿ ತಗೊಂಡೆ. ಮನೆಗೆ ಬಂದ ಮೇಲೆ ಹಿಂದೆ ಬರೆದಿದ್ದನ್ನು ಓದಿದೆ. ನೀರು, ಉಪ್ಪು, ಒಂದಿಷ್ಟು ಸುವಾಸನೆ. ನಾನು ಕುಮಟಾದವನು. ಸಮುದ್ರದ ಉಪ್ಪುನೀರಿಗೆ ದುಡ್ಡು ಕೊಟ್ಟೆ ಅಂತ ಊರಲ್ಲಿ ಹೇಳುವ ಹಾಗಿಲ್ಲ.

ಆದರೂ ಕೆಲಸ ಮಾಡುತ್ತಿತ್ತು, ಸುಳ್ಳು ಹೇಳಬಾರದು. ನೀರು ಆರಿದಾಗ ಉಪ್ಪು ಸಣ್ಣ ಸಣ್ಣ ಹರಳಾಗಿ ಕೂದಲಿಗೆ ಕೂರುತ್ತದೆ. ಎಳೆಗಳು ಒರಟಾಗುತ್ತವೆ, ಒಂದರ ಮೇಲೊಂದು ಜಾರದೆ ಅಲ್ಲಲ್ಲೇ ನಿಲ್ಲುತ್ತವೆ. ಮೂಲ್ಕಿ ಕಡೆ ಸರ್ಫಿಂಗ್ ಮಾಡುವವರ ತಲೆ ನೋಡಿದ್ದೀರಲ್ವಾ, ಆ ಥರ. ಬಾಚಣಿಗೆ ಕಂಡೇ ಇಲ್ಲದ, ಆದರೂ ಚೆಂದ ಕಾಣುವ ಕೂದಲು.

ಫಜೀತಿ ಆಗಿದ್ದು ಮೇ ತಿಂಗಳಲ್ಲಿ. ಶಿರಸಿಯಲ್ಲಿ ಅತ್ತೆಯ ಮಗನ ಮದುವೆ. ಹಿಂದಿನ ದಿನ ಕುಮಟಾಕ್ಕೆ ಹೋದೆ. ಬ್ಯಾಗ್ ತೆಗೆದು ನೋಡಿದರೆ ಬಾಟಲಿ ಬೆಂಗಳೂರಿನ ಬಾತ್‌ರೂಮಿನಲ್ಲೇ ಉಳಿದಿತ್ತು.

ಅಡುಗೆಮನೆಯಲ್ಲಿ ಅಜ್ಜಿಯ ಉಪ್ಪಿನ ಮರಿಗೆ ಇತ್ತು. ಅದರ ತುಂಬ ಸಾಣಿಕಟ್ಟಾ ಉಪ್ಪು. ಗೋಕರ್ಣದ ಹತ್ತಿರ, ಅಘನಾಶಿನಿಯ ಅಳಿವೆ ಪಕ್ಕದ ಗದ್ದೆಗಳಲ್ಲಿ ಉಪ್ಪುನೀರು ನಿಲ್ಲಿಸಿ ಬಿಸಿಲಿಗೆ ಒಣಗಿಸುವ ಉಪ್ಪು ಅದು. ಪ್ಯಾಕೆಟ್ ಉಪ್ಪಿನಂತೆ ಬೆಳ್ಳಗಿರುವುದಿಲ್ಲ, ದಪ್ಪ ಹರಳು, ಸ್ವಲ್ಪ ಮಣ್ಣಿನ ಬಣ್ಣ. ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಲು ಇದೇ ಬೇಕು. ಒಂದು ಲೋಟ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ ಕದಡಿದೆ. ಇಸ್ತ್ರಿ ಮಾಡುವಾಗ ನೀರು ಹೊಡೆಯುವ ಬಾಟಲಿಗೆ ತುಂಬಿಸಿದೆ.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಂತ ತಮಾ ಅದು?"

"ತಲೆಗೆ ಅಜ್ಜಿ. ಕೂದಲು ನಿಲ್ಲೋಕೆ."

"ಮಿಡಿ ಹಾಕೋ ಉಪ್ಪು. ತಲೆಯನ್ನೇ ಉಪ್ಪಿನಕಾಯಿ ಹಾಕ್ತೀಯಾ?"

ಬೆಳಿಗ್ಗೆ ಎರಡು ಸಲ ಹೊಡೆಯುವಷ್ಟರಲ್ಲಿ ಬಾಟಲಿಯ ಮೂತಿ ಕಟ್ಟಿತು. ಸಾಣಿಕಟ್ಟಾ ಉಪ್ಪನ್ನು ಕರಗಿಸಿದರೆ ತಳದಲ್ಲಿ ಕೆಸರು ಕೂರುತ್ತದೆ, ಬಟ್ಟೆಯಲ್ಲಿ ಸೋಸಬೇಕಿತ್ತು. ಟೈಮಿರಲಿಲ್ಲ. ಮುಚ್ಚಳ ಬಿಚ್ಚಿ ಅಂಗೈಗೆ ಸುರಿದುಕೊಂಡು ತಲೆಗೆ ತಟ್ಟಿಕೊಂಡೆ.

ಆಮೇಲೆ ಲೆಕ್ಕ ಹಾಕಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 250 ಮಿಲಿಯ ಲೋಟಕ್ಕೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ. ನಾನು ಮಾಡಿದ್ದು ಅರಬ್ಬಿ ಸಮುದ್ರಕ್ಕಿಂತ ಮೂರ್ನಾಲ್ಕು ಪಟ್ಟು ಉಪ್ಪಿನ ಸಮುದ್ರ.

ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವವರೆಗೂ ಕಾರಿನಲ್ಲಿ ಎಸಿ. ಅದರ ಗಾಳಿ ನೇರ ನನ್ನ ತಲೆಗೆ. ಛತ್ರದಲ್ಲಿ ಇಳಿದಾಗ ಕೂದಲು ತೆಂಗಿನ ಜುಂಗಿನ ಹಾಗೆ ಗಟ್ಟಿಯಾಗಿತ್ತು. ಹಾಕಿಕೊಂಡಿದ್ದು ಕಡುನೀಲಿ ಕುರ್ತಾ. ದೊಡ್ಡವರ ಕಾಲಿಗೆ ಬಗ್ಗಿದಾಗಲೆಲ್ಲ ಭುಜದ ಮೇಲೆ ಬಿಳಿ ಪುಡಿ ಉದುರಿತು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಚಿಕ್ಕಮ್ಮ ಮೆಲ್ಲಗೆ, ಅಂದರೆ ಆ ಸಾಲಿಗೆಲ್ಲ ಕೇಳುವಷ್ಟು ಮೆಲ್ಲಗೆ, "ಹೊಟ್ಟು ಜಾಸ್ತಿ ಆಗಿದ್ಯಲ್ಲೋ, ಮೆಂತೆ ನೆನೆಸಿ ಅರೆದು ಹಚ್ಚು" ಅಂದರು. ಉಪ್ಪು ಅಂತ ಹೇಳಲು ಬಾಯಿ ತೆರೆದೆ. ಎಲೆಯ ತುದಿಯಲ್ಲಿ ಬಡಿಸಿದ್ದ ಉಪ್ಪನ್ನು ನೋಡಿ ಸುಮ್ಮನಾದೆ. ಹೊಟ್ಟು ಅಂದುಕೊಂಡರೇ ಮರ್ಯಾದೆ.

ಸಂಜೆ ಕಿಟಕಿ ತೆಗೆದುಕೊಂಡು ಘಟ್ಟ ಇಳಿದೆವು. ಕೆಳಗೆ ಬರುತ್ತಿದ್ದಂತೆ ಗಾಳಿ ಹಸಿಯಾಯಿತು, ನನ್ನ ತಲೆಯೂ. ಮಳೆಗಾಲದಲ್ಲಿ ಮರಿಗೆಯ ಉಪ್ಪು ತಾನಾಗಿಯೇ ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಬೆಳಿಗ್ಗೆ ಎಸಿಯಲ್ಲಿ ಪುಡಿಯಾಗಿದ್ದು ಈಗ ಕರಾವಳಿಯ ಗಾಳಿಯ ನೀರು ಹೀರಿ ಅಂಟಾಗಿ, ಬೆವರಿನ ಜೊತೆ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಮುಚ್ಚಿಕೊಂಡೇ ಮನೆ ಸೇರಿದೆ.

ಅಜ್ಜಿ ಏನೂ ಕೇಳಲಿಲ್ಲ. ಬಚ್ಚಲಿಗೆ ಕರೆದು, ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಚೊಂಬು ಚೊಂಬು ನೀರು ಹೊಯ್ದಳು. ಸಣ್ಣವನಿದ್ದಾಗ ವನ್ನಳ್ಳಿ ಸಮುದ್ರದಲ್ಲಿ ಆಡಿ ಬಂದ ಪ್ರತಿ ಸಂಜೆಯೂ ಇದೇ ಆಗುತ್ತಿತ್ತು. ಬಾವಿಯ ಸಿಹಿನೀರು ಬೀಳುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ನೆತ್ತಿಗೆ ಕೊಬ್ಬರಿ ಎಣ್ಣೆ. ನನ್ನ ತಲೆಯ ಉಪ್ಪು ತೆಗೆಯುವುದಕ್ಕೇ ಅವಳ ಅರ್ಧ ಸಂಜೆ ಹೋಗಿರಬೇಕು.

"ಬೆಂಗಳೂರಲ್ಲಿ ಇದಕ್ಕೆ ಎಷ್ಟು?" ಎಣ್ಣೆ ತಿಕ್ಕುತ್ತಾ ಕೇಳಿದಳು.

"450."

ಕೈ ಒಂದು ಕ್ಷಣ ನಿಂತಿತು. ಮತ್ತೆ ತಿಕ್ಕತೊಡಗಿದಳು, ಸ್ವಲ್ಪ ಜೋರಾಗಿಯೇ.

ಸ್ಪ್ರೇ ಬಿಟ್ಟಿಲ್ಲ ನಾನು. ವಾರಕ್ಕೆ ಎರಡು ಸಲ, ಅದೂ ಬೆಂಗಳೂರಿನಲ್ಲಿ ಮಾತ್ರ. ದಿನಾ ಹೊಡೆದರೆ ಉಪ್ಪು ಕೂದಲಿನ ಪಸೆಯನ್ನೆಲ್ಲ ಎಳೆದು ಹುಲ್ಲು ಮಾಡಿಬಿಡುತ್ತದೆ. ರಾತ್ರಿ ತೊಳೆದು ಕಂಡೀಷನರ್ ಹಾಕುತ್ತೇನೆ. ಮನೆಯಲ್ಲೇ ಮಾಡಿದರೆ ಲೋಟಕ್ಕೆ ಒಂದೂವರೆ ಟೀ ಚಮಚ, ಬಟ್ಟೆಯಲ್ಲಿ ಸೋಸಿ.

ಆ ದಿನ ಉಳಿದ ನೀರನ್ನು ಅಜ್ಜಿ ಬೆಳಿಗ್ಗೆ ಹಿತ್ತಲಿಗೆ ಒಯ್ದು ತೆಂಗಿನ ಬುಡಕ್ಕೆ ಹೊಯ್ದಳು. ತೆಂಗಿಗೆ ಉಪ್ಪು ಒಳ್ಳೆಯದಂತೆ. ಬಾಟಲಿ ತೊಳೆದು, ಮೂತಿಗೆ ಪಿನ್ನು ಚುಚ್ಚಿ ಸರಿಮಾಡಿ, ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟಳು.