ಮುಧೋಳದ ಮರಿಯನ್ನು ದಿನಕ್ಕೆ ಎಷ್ಟು ಓಡಿಸಬೇಕು?

ಮುಧೋಳ ತಾಲೂಕಿನಲ್ಲಿ ನಾಯಿ ಸಾಕಿಕೊಂಡಿರುವ ನನ್ನಂಥವರಿಗೆ ಬೆಳಗಾವಿ, ವಿಜಯಪುರಗಳಿಗೆ ಮರಿ ಒಯ್ದವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಊಟದ್ದಲ್ಲ, ಲಸಿಕೆಯದ್ದೂ ಅಲ್ಲ. "ಮರೀನ ದಿನಾ ಎಷ್ಟ ಕಿಲೋಮೀಟರ್ ಓಡಸಬೇಕ್ರಿ?" ಎಂಬುದೇ ಆ ಪ್ರಶ್ನೆ. ಒಂದು ವರ್ಷ ತುಂಬುವವರೆಗೆ ಓಡಿಸಲೇಬೇಡಿ, ಅದು ತಾನಾಗಿ ಓಡಿದರೆ ತಡೆಯಬೇಡಿ ಎಂದು ನಾನು ಹೇಳಿದಾಗ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಅದು ಸಹಜವೇ. ಮುಧೋಳದ ಘೋರ್ಪಡೆ ರಾಜರು ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಈ ತಳಿಯ ಹೆಸರೆಲ್ಲ ಅದರ ಓಟದಿಂದಲೇ ಬಂದದ್ದಾಗಿರುವಾಗ, ಓಡಿಸಬೇಡಿ ಎಂಬ ಮಾತು ಯಾರಿಗಾದರೂ ವಿಚಿತ್ರವಾಗಿಯೇ ಕೇಳಿಸುತ್ತದೆ.

ಕಾರಣ ಎಲುಬಿನಲ್ಲಿದೆ. "ಎಲುಬು ಇನ್ನೂ ಹಸಿ ಅದಾವ" ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಅಕ್ಷರಶಃ ನಿಜ. ಬೆಳೆಯುವ ಮರಿಯ ಕಾಲಿನ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಈ ಪದರ ಗಟ್ಟಿ ಎಲುಬಾಗಿ ಕೂಡಿಕೊಳ್ಳಲು ಇಷ್ಟು ಎತ್ತರದ ನಾಯಿಗಳಲ್ಲಿ ಸುಮಾರು ಒಂದು ವರ್ಷ, ಕೆಲವೊಮ್ಮೆ ಇನ್ನೂ ಒಂದೆರಡು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ಸುತ್ತಲಿನ ಎಲುಬಿಗಿಂತ ಅದೇ ದುರ್ಬಲ ಜಾಗ. ಮುಂಗಾಲಿನಲ್ಲಿ ಜೋಡಿಯಾಗಿ ಬೆಳೆಯುವ ಎರಡು ಎಲುಬುಗಳ ಪೈಕಿ ಹಿಂದಿನದರ ಕೆಳತುದಿಗೆ ಪೆಟ್ಟಾದರೆ ಅದರ ಬೆಳವಣಿಗೆ ನಿಂತುಬಿಡಬಹುದು. ಇನ್ನೊಂದು ಮಾತ್ರ ಬೆಳೆಯುತ್ತಲೇ ಹೋಗುವುದರಿಂದ ಕಾಲು ಬಿಲ್ಲಿನಂತೆ ಬಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ನನ್ನ ಮೊದಲ ಮರಿಗೆ ಐದು ತಿಂಗಳಾಗಿದ್ದಾಗ, ಊರಿನ ಹುಡುಗರು ಮಾಡುವಂತೆ ನಾನೂ ಅದರ ಹಗ್ಗವನ್ನು ಬೈಕಿಗೆ ಕಟ್ಟಿ ಕಾಲುವೆಯ ದಂಡೆಯ ರಸ್ತೆಯಲ್ಲಿ ಓಡಿಸುತ್ತಿದ್ದೆ. ಮರಿ ಎಂದೂ ಹಿಂದೆ ಬೀಳಲಿಲ್ಲ. ಅದನ್ನೇ ನಾನು ತಾಕತ್ತು ಎಂದುಕೊಂಡಿದ್ದೆ. ಹಗ್ಗದ ಇನ್ನೊಂದು ತುದಿಯಲ್ಲಿ ಯಜಮಾನನಿರುವಾಗ ದಣಿದರೂ ನಿಲ್ಲುವ ಹಾದಿ ಅದಕ್ಕಿರಲಿಲ್ಲ ಎಂಬುದು ಹೊಳೆದದ್ದು, ಮೂರನೆಯ ವಾರ ಅದು ಮುಂಗಾಲೆತ್ತಿ ನಿಂತಾಗ. ಕಾಲು ಬಾಗಲಿಲ್ಲ, ನಮ್ಮ ಪುಣ್ಯ. ಆದರೆ ಎರಡು ತಿಂಗಳು ಅಂಗಳದಲ್ಲೇ ಇಡಬೇಕಾಯಿತು.

ಓಡುವುದಕ್ಕೂ ಓಡಿಸುವುದಕ್ಕೂ ಇರುವ ಈ ಅಂತರವೇ ನನ್ನ ಉತ್ತರದ ತಿರುಳು. ತಾನಾಗಿ ಆಡುವ ಮರಿ ಹತ್ತು ಹೆಜ್ಜೆ ಹಾರುತ್ತದೆ, ನಿಲ್ಲುತ್ತದೆ, ಮಣ್ಣು ಮೂಸುತ್ತದೆ, ಬೇಸರವಾದರೆ ಮಲಗುತ್ತದೆ. ನಾರ್ವೆಯಲ್ಲಿ ದೊಡ್ಡ ತಳಿಗಳ ಮರಿಗಳನ್ನು ಹಿಂಬಾಲಿಸಿ ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಮೂರು ತಿಂಗಳು ಮೆತ್ತನೆಯ ನೆಲದಲ್ಲಿ ಬಿಡುವಾಗಿ ಆಡಿಕೊಂಡಿದ್ದ ಮರಿಗಳಿಗೆ ಸೊಂಟದ ಕೀಲಿನ ದೋಷ ಕಡಿಮೆಯೆಂದೂ, ಅದೇ ವಯಸ್ಸಿನಲ್ಲಿ ದಿನವೂ ಮೆಟ್ಟಿಲು ಹತ್ತಿ ಇಳಿದವುಗಳಿಗೆ ಹೆಚ್ಚೆಂದೂ ಕಂಡುಬಂತು. ನಮ್ಮಲ್ಲಿ ಉತ್ತ ಎರೆಹೊಲವಿದೆ, ಅದಕ್ಕಿಂತ ಒಳ್ಳೆಯ ಅಂಗಳ ಯಾವ ನಗರದಲ್ಲಿ ಸಿಕ್ಕೀತು? ಮಹಡಿಯ ಮನೆಯಲ್ಲಿರುವವರು ಚಿಕ್ಕ ಮರಿಯನ್ನು ಎತ್ತಿಕೊಂಡು ಇಳಿಯುವುದೇ ಮೇಲು.

ಹಗ್ಗ ಹಿಡಿದು ನಡೆಸುವುದಕ್ಕೆ, ತಿಂಗಳಿಗೆ ಐದು ನಿಮಿಷದ ಲೆಕ್ಕವನ್ನು ಅನೇಕರು ಹೇಳುತ್ತಾರೆ: ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ 20 ನಿಮಿಷ, ಆರು ತಿಂಗಳದ್ದಕ್ಕೆ 30. ಇದು ಪ್ರಯೋಗದಿಂದ ಸಿದ್ಧವಾದ ಸೂತ್ರವಲ್ಲ, ಬರೀ ಅಂದಾಜು. ಆದರೂ ಉತ್ಸಾಹ ಹೆಚ್ಚಾದ ಯಜಮಾನನಿಗೆ ಅದೊಂದು ಒಳ್ಳೆಯ ಕಡಿವಾಣ ಎಂಬ ಕಾರಣಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಪಾರ್ವೋ ರೋಗದ ಭಯವಿರುವುದರಿಂದ ಬೀದಿನಾಯಿಗಳು ಓಡಾಡುವ ಜಾಗಕ್ಕೆ ಕರೆದೊಯ್ಯದಿರುವುದು ಒಳ್ಳೆಯದು.

ಬಿಸಿಲಿನ ಮಾತು ಬಂದಾಗ ನಿಮಿಷಗಳ ಲೆಕ್ಕವನ್ನೇ ಮರೆಯಬೇಕು. ನಾಯಿ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಕಾವನ್ನು ಹೊರಹಾಕುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ಆ ಉಪಾಯ ಹೆಚ್ಚು ಹೊತ್ತು ನಡೆಯದು. ಹೊತ್ತು ಹುಟ್ಟುವ ಮುನ್ನ ನಡೆಸಿ ಮುಗಿಸಬೇಕು. ಸಂಜೆ ಗಾಳಿ ತಂಪಾದರೂ ಡಾಂಬರು ಕಾದೇ ಇರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ತಾಳಲಾಗದಿದ್ದರೆ ಮರಿಯ ಪಾದವೂ ತಾಳದು. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಕಡುಗೆಂಪಾಗಿ ತೂರಾಡಿದರೆ ಅದು ಬಿಸಿಲಿನ ಹೊಡೆತ: ನೆರಳಿಗೆ ತಂದು, ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕುತ್ತಲೇ ಪಶು ಆಸ್ಪತ್ರೆಗೆ ಸಾಗಿಸಬೇಕು. ಒದ್ದೆ ಗೋಣಿ ಹೊದಿಸಿ ಬಿಡುವವರಿದ್ದಾರೆ. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ.

ಉಳಿದದ್ದನ್ನು ಮರಿಯೇ ಹೇಳುತ್ತದೆ. ನಡುದಾರಿಯಲ್ಲಿ ಕುಳಿತರೆ ಅದು ಮೊಂಡುತನವೆಂದು ಎಳೆಯದೆ, ಮನೆಗೆ ಮರಳಬೇಕು. ಬೆಳಿಗ್ಗೆ ಏಳುವಾಗ ಮೈ ಬಿಗಿಹಿಡಿದಂತೆ ಕಂಡರೆ ನಿನ್ನೆಯದು ಹೆಚ್ಚಾಯಿತೆಂದೇ ಅರ್ಥ. ಕುಂಟುವುದು ಒಂದು ದಿನದಲ್ಲಿ ಹೋಗದಿದ್ದರೆ ವೈದ್ಯರಿಂದ ಎಕ್ಸ್‌ರೇ ತೆಗೆಸಿ. ಅಲ್ಲಿಯವರೆಗೆ ಮನೆಯಲ್ಲಿರುವ ನೋವಿನ ಗುಳಿಗೆಯನ್ನು ಮುರಿದು ರೊಟ್ಟಿಯಲ್ಲಿಟ್ಟು ಕೊಡಬೇಡಿ, ಮನುಷ್ಯರಿಗೆ ಒಗ್ಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷ.